ಪುಸ್ತಕ ಸುಟ್ಟರೂ ಎಣಿಕೆ ನಿಲ್ಲಲಿಲ್ಲ

1562ರಲ್ಲಿ ಮೆಕ್ಸಿಕೊದ ಮಾನಿ ಎಂಬ ಊರಲ್ಲಿ ಸ್ಪೇನಿನ ಪಾದ್ರಿ ಡಿಯೆಗೊ ಡೆ ಲಾಂಡಾ ಮಾಯಾ ಜನರ ಪುಸ್ತಕಗಳನ್ನು ಸುಡಿಸಿದ. ಅಂಥವು ಇಂದು ಲೋಕದಲ್ಲೆಲ್ಲ ನಾಲ್ಕೇ ಉಳಿದಿವೆ. ಹಾಗಿದ್ದರೆ ಅವರ ಜ್ಯೋತಿಷ್ಯ ತಿಳಿದದ್ದು ಹೇಗೆ ಎಂದು ನಾವು ಹುಡುಕಿದೆವು.

ಗ್ವಾಟೆಮಾಲದ ಗುಡ್ಡಗಾಡಿನ ಕಿಚೆ ಹಳ್ಳಿಗಳಲ್ಲಿ ದಿನ ಎಣಿಸುವವರು ಈಗಲೂ ಇದ್ದಾರೆ. 20 ದಿನಗಳ ಹೆಸರು, 1ರಿಂದ 13ರವರೆಗೆ ಅಂಕಿ. ಎರಡೂ ಜೊತೆಯಾಗಿ ಸುತ್ತುತ್ತವೆ. ಅದೇ ಜೋಡಿ ಮತ್ತೆ ಬರಲು 260 ದಿನ ಬೇಕು. ಕಾಯಿಲೆಯೋ ಮದುವೆಯೋ, ಕೇಳಲು ಬಂದವರ ಮುಂದೆ ಕೆಂಪು ಬೀಜಗಳನ್ನು ಹರಡಿ, ನಾಲ್ಕು ನಾಲ್ಕಾಗಿ ಗುಂಪು ಮಾಡಿ, ಗುಂಪಿಗೊಂದು ದಿನ ಎಣಿಸುತ್ತಾರೆ. (ಆ ಮರ ನಮ್ಮ ಹಾಲುವಾಣದ ಕುಲದ್ದೇ!) ಹಳೆಯ ಪುಸ್ತಕಗಳಲ್ಲಿರುವುದೂ ಇದೇ 260 ದಿನಗಳ ಸುತ್ತು.

ಫೋನಿನಲ್ಲಿ ‘ನಿಮ್ಮ ಮಾಯಾ ರಾಶಿ’ ಸಿಕ್ಕರೆ ಜೋಪಾನ. ಫೆಬ್ರವರಿ 29 ಅನ್ನು ಬಿಟ್ಟು ಎಣಿಸುವ ಹೊಸ ಲೆಕ್ಕವೊಂದಿದೆ. ಅದು ಹೇಳುವ ದಿನ ಕಿಚೆ ಹಳ್ಳಿಯ ದಿನವಲ್ಲ.