ಪಿಂಗಾಣಿಯ ಮೇಲಣ ಪ್ರಕ್ಷಿಪ್ತ

ಗ್ರಂಥಸಂಪಾದನೆಯ ಪಾಠದಲ್ಲಿ ‘ಪ್ರಕ್ಷಿಪ್ತ’ವೆಂಬ ಮಾತಿಗೆ ಓಲೆಗರಿಯಾಚೆಯ ನಿದರ್ಶನವೊಂದನ್ನು ಕೊಡಬೇಕೆನಿಸಿದಾಗ ನನಗೆ ನೆನಪಾಗುವುದು ಚೀನೀ ಪಿಂಗಾಣಿ, ಅದರಲ್ಲಿಯೂ ಚೀನಾದಲ್ಲಿ ಸಿದ್ಧವಾಗಿ, ಅನಂತರ ಯುರೋಪಿನಲ್ಲಿ ಮತ್ತೊಮ್ಮೆ ಬಣ್ಣ ಹೊತ್ತ ಪಾತ್ರೆಗಳು.

ನಮ್ಮ ಸೀಮೆಗೂ ಇದಕ್ಕೂ ಏನು ನಂಟು ಎಂದು ಕೇಳಬಹುದು. ನಂಟು ಮೊದಲು ಪದದ್ದು. ಮಧುಗಿರಿ, ಕೊರಟಗೆರೆಯ ಮನೆಗಳಲ್ಲಿ ಉಪ್ಪಿನಕಾಯಿಯ ಜಾಡಿಗೂ ಸಲ್ಲುವ ‘ಪಿಂಗಾಣಿ’ಯ ಮೂಲ ಪರ್ಷಿಯನ್ನಿನ ‘ಪಿಂಗಾನ್’. ಅರಬ್ಬಿಯ ‘ಫಿಂಜಾನ್’ ಕೂಡ ಅದರಿಂದಲೇ ಹುಟ್ಟಿದ್ದು. 1638ರಲ್ಲಿ ರಣದುಲ್ಲಾಖಾನನು ಸಿರಾವನ್ನು ಗೆದ್ದ ಮೇಲೆ ಅರ್ಧ ಶತಮಾನದಷ್ಟು ಕಾಲ ಅದು ಬಿಜಾಪುರದ ಆಳ್ವಿಕೆಯಲ್ಲಿತ್ತು. 1687ರಲ್ಲಿ ಮೊಗಲರ ಸುಬಾದ ಮುಖ್ಯಸ್ಥಳವಾಯಿತು. ಪದವೂ ಆ ದಾರಿಯಲ್ಲಿಯೇ ಬಂದಿತೆಂದು ನಾನು ಹಠ ಹಿಡಿಯುವುದಿಲ್ಲ. ಆದರೆ ಆ ರಾಜಧಾನಿಗೆ ಪಿಂಗಾಣಿ ಬಂದುದಂತೂ ನಿಜ. ಗೋಳಗುಮ್ಮಟದ ಮುಂದಣ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಚೀನೀ ಪಾತ್ರೆಗಳನ್ನು ಇಂದಿಗೂ ನೋಡಬಹುದು.

ಇಂಥವೇ ಚೀನೀ ಪಾತ್ರೆಗಳು ಡಚ್ಚರ ಮತ್ತು ಇಂಗ್ಲಿಷರ ಹಡಗುಗಳಲ್ಲಿ ಯುರೋಪಿಗೂ ಹೋದವು. ಚೀನೀ ಕುಂಬಾರ ಹಸಿ ಪಾತ್ರೆಯ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಚಿತ್ರ ಬರೆದು, ಮೆರುಗು ಹಚ್ಚಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಬೇಯಿಸುತ್ತಿದ್ದ. ನೀಲಿ ಮೆರುಗಿನ ಅಡಿಯಲ್ಲಿ ಉಳಿಯುತ್ತಿತ್ತು. ಕೆಂಪು, ಹಸಿರು, ಚಿನ್ನದ ಬಣ್ಣಗಳಾದರೋ ಮೆರುಗಿನ ಮೇಲೆ ಕೂರುವಂಥವು. ಅವಕ್ಕೆ ಸುಮಾರು 800 ಡಿಗ್ರಿಯ ಸಣ್ಣ ಆವಿಗೆ ಸಾಕು. ಆದ್ದರಿಂದ ಪಿಂಗಾಣಿ ಮಾಡುವ ವಿದ್ಯೆ ತಿಳಿಯದವರೂ ಅದರ ಮೇಲೆ ಬರೆಯಬಲ್ಲವರಾದರು. 18ನೆಯ ಶತಮಾನದ ಆರಂಭದಲ್ಲಿ ಜಪಾನಿನ ಬಣ್ಣದ ಪಾತ್ರೆಗಳಿಗೆ ಬೇಡಿಕೆಯೂ ಬೆಲೆಯೂ ಹೆಚ್ಚು. ಚೀನಾದ ಬಿಳಿ ಮತ್ತು ನೀಲಿ ಪಾತ್ರೆಗಳು ಅಗ್ಗ. ಡಚ್ ಚಿತ್ರಕಾರರು ಅಗ್ಗದ ಪಾತ್ರೆಯನ್ನು ಕೊಂಡು ಬಣ್ಣವೇರಿಸಿದರು. ಇವುಗಳಿಗೆ ‘ಆಮ್‌ಸ್ಟರ್‌ಡಾಮ್ಸ್ ಬಾಂಟ್’ ಎಂಬ ಹೆಸರಿದೆ. ಲಂಡನ್ನಿನ ಜೇಮ್ಸ್ ಜೈಲ್ಸ್ (1718–1780) ಇದೇ ಕಸುಬಿನ ಹೆಸರಾಂತ ಅಲಂಕಾರಕಾರ.

19ನೆಯ ಶತಮಾನದಲ್ಲಿ ಈ ಕೆಲಸ ಒರಟಾಯಿತು. ಮೊದಲೇ ತುಂಬಿದ್ದ ನೀಲಿ ಚಿತ್ರದ ಮೇಲೆ ಅದರ ಗೆರೆಯನ್ನೂ ಲೆಕ್ಕಿಸದೆ ಕೆಂಪು ಬಳಿದರು. ಸಂಗ್ರಾಹಕರು ಇದನ್ನು ‘ಕ್ಲಾಬರಿಂಗ್’ ಎಂದು ಹೀಗಳೆದು ಬಹುಕಾಲ ದೂರವಿಟ್ಟರು. ಹೆಲೆನ್ ಎಸ್ಪಿರ್ ಅವರ ವಿಸ್ತಾರವಾದ ಗ್ರಂಥ ಬಂದದ್ದು 2005ರಲ್ಲಿ.

ಆ ತಾತ್ಸಾರವನ್ನು ನಾನು ಒಪ್ಪಲಾರೆ. ಪ್ರಕ್ಷಿಪ್ತ ಪದ್ಯವನ್ನು ಕವಿಯದೆಂದು ಓದುವುದು ತಪ್ಪು. ಪ್ರತಿಯಿಂದಲೇ ಅಳಿಸಿಹಾಕುವುದು ಇನ್ನೂ ದೊಡ್ಡ ತಪ್ಪು. ಸೇರಿಸಿದವನ ಕಾಲದ ಅಭಿರುಚಿಗೆ ಅದೇ ಸಾಕ್ಷಿ. ಪಾತ್ರೆಯದೂ ಹಾಗೆಯೇ: ಕಾಂಗ್‌ಷಿ (1662–1722) ಕಾಲದ ತಟ್ಟೆಯ ಮೇಲಿನ ಡಚ್ ಕೆಂಪನ್ನು ಚೀನಾದ್ದೆಂದು ನಮೂದಿಸಬಾರದು, ಕೆರೆದು ತೆಗೆಯಲೂಬಾರದು.

ಗುರುತಿಸುವುದು ಹೇಗೆ? ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಮೇಲಿನ ಬಣ್ಣ ಬೆರಳಿಗೆ ಉಬ್ಬಾಗಿ ತಾಗುತ್ತದೆ. ಬಳಸಿದ ಪಾತ್ರೆಯನ್ನು ಮತ್ತೆ ಸುಟ್ಟಿದ್ದರೆ ಮೆರುಗಿನಲ್ಲಿ ಕರಿಯ ಚುಕ್ಕೆಗಳು ಎದ್ದಿರುವುದುಂಟು. ಹಳೆಯ ಗೀರೊಂದು ಬಣ್ಣದ ಅಡಿಗೆ ಹೋಗಿ ಆಚೆ ಬದಿಯಲ್ಲಿ ಮತ್ತೆ ಕಾಣಿಸಿಕೊಂಡರೆ, ಆ ಬಣ್ಣ ಗೀರಿಗಿಂತ ಈಚಿನದು.