ನಾಲ್ಕು ಸೆಂಟಿಮೀಟರ್ ಮನುಷ್ಯ, 250 ಕೋಟಿ ವರ್ಷದ ಬಂಡೆ

ಇವತ್ತಿನ ಮಾತು ಮನೆಯಲ್ಲೇ ತೆಗೆಯೋ ಲೆಗೋ ಗೊಂಬೆಯ ಫೋಟೋ ಬಗ್ಗೆ. ಇತಿಹಾಸ ಹೇಳೋ ಕಡೆ ಆಟಿಕೆ ಯಾಕಪ್ಪಾ ಅಂತೀರಾ? ಸ್ವಲ್ಪ ತಾಳಿ. ಈಜಿಪ್ಟ್, ಹಂಪಿ ಸುತ್ತಿಕೊಂಡು ನಮ್ಮ ಗಚ್ಚಿಬೌಲಿಗೇ ಬರೋಣ.

1849ರಲ್ಲಿ ಮ್ಯಾಕ್ಸಿಮ್ ದು ಕಾಂ ಎಂಬ ಫ್ರೆಂಚ್ ಲೇಖಕ ಕ್ಯಾಮೆರಾ ಹೊತ್ತು ಈಜಿಪ್ಟ್‌ಗೆ ಹೋದ. ಅಬು ಸಿಂಬೆಲ್‌ನ ಮೂರ್ತಿಗಳು ಎಷ್ಟು ದೊಡ್ಡವು ಅಂತ ಪ್ಯಾರಿಸ್‌ನಲ್ಲಿ ಕೂತವರಿಗೆ ಗೊತ್ತಾಗೋದು ಹೇಗೆ? ತನ್ನ ದೋಣಿಯ ನಾವಿಕ ಹಾಜಿ ಇಸ್ಮಾಯಿಲ್‌ನನ್ನು ಅವುಗಳ ಮೇಲೆ ಹತ್ತಿಸಿದ. ಆಗಿನ ಕ್ಯಾಮೆರಾಗೆ ತುಂಬಾ ಹೊತ್ತು ಅಲುಗಾಡದೆ ಇರಬೇಕಿತ್ತು. ಅದಕ್ಕೆ ಒಂದು ಸುಳ್ಳು ಹೇಳಿದ: ಕ್ಯಾಮೆರಾದ ಹಿತ್ತಾಳೆ ಕೊಳವೆ ಒಂದು ಫಿರಂಗಿ, ಅಲ್ಲಾಡಿದರೆ ನಿನ್ನ ಮೇಲೇ ಗುಂಡು ಹಾರುತ್ತೆ! ಈ ಕಥೆಯನ್ನು ಬರೆದಿಟ್ಟವನು ದು ಕಾಂನೇ. ಚಿತ್ರದಲ್ಲಿ ಇಸ್ಮಾಯಿಲ್ ಒಬ್ಬ ಮನುಷ್ಯ ಅನ್ನೋದಕ್ಕಿಂತ ಅಳತೆಗೋಲು.

ಈ ಅಳತೆಗೋಲು ಬೇಕೇ ಬೇಕು. ಯಾಕೆಂದರೆ ಕಲ್ಲು ತನ್ನ ಗಾತ್ರ ತಾನೇ ಹೇಳೋದಿಲ್ಲ. ಅಂಗೈ ಮೇಲಿನ ಚೂರಿನಲ್ಲೂ ಬೆಟ್ಟದಲ್ಲೂ ಅದೇ ಬಿರುಕು, ಅದೇ ಒರಟು. ಭೂವಿಜ್ಞಾನಿಗಳು ಇವತ್ತಿಗೂ ಬಂಡೆಯ ಫೋಟೋದಲ್ಲಿ ಒಂದು ಸುತ್ತಿಗೆಯೋ ನಾಣ್ಯವೋ ಇಡೋದು ಅದಕ್ಕೇ.

ಈಗ ಇದನ್ನೇ ತಿರುಗಿಸಿ. 1978ರಲ್ಲಿ ಡೆನ್ಮಾರ್ಕಿನ ಲೆಗೋ ಕಂಪನಿ ಕೈಕಾಲು ಆಡಿಸೋ ಪುಟ್ಟ ಮನುಷ್ಯನನ್ನು ತಂದಿತು. ವಿನ್ಯಾಸ ಯೆನ್ಸ್ ನ್ಯೂಗೋರ್ ಕ್ನುಡ್ಸೆನ್ ಅವರದು. ಎತ್ತರ ಸುಮಾರು 4 ಸೆಂಟಿಮೀಟರ್. ಮುಖದಲ್ಲಿ ಎರಡು ಚುಕ್ಕಿ, ಒಂದು ನಗು. ಲೆಕ್ಕ ಹಾಕಿ: ನಾವು 160 ಸೆಂಟಿಮೀಟರ್ ಅಂದುಕೊಂಡರೆ ಅವನು ನಮ್ಮ ನಲವತ್ತನೇ ಒಂದು ಭಾಗ. ಅವನ ಪಕ್ಕ ಒಂದು ಗೇಣಿನ ಕಲ್ಲು ಇಟ್ಟರೆ ಅದು ಮೂರಂತಸ್ತಿನ ಬಂಡೆ!

ನಮ್ಮ ದಸರಾ ಗೊಂಬೆ ಕೂರಿಸೋದರಲ್ಲಿ ಈ ಅಳತೆಯ ಗೊಡವೆ ಇಲ್ಲ. ಮೊಳಕೆ ಬಂದ ರಾಗಿಯ ಪಾರ್ಕಿನಲ್ಲಿ ಚನ್ನಪಟ್ಟಣದ ಗೊಂಬೆ ಗುಡಿಗಿಂತ ಎತ್ತರ ಇದ್ದರೂ ಯಾರೂ ಏನೂ ಅನ್ನಲ್ಲ. ಫೋಟೋದಲ್ಲಿ ಮಾತ್ರ ಅಳತೆ ತಪ್ಪಿದರೆ ಆಟ ಕೆಟ್ಟಿತು.

ನಾನು ಮಾಡೋದು ಇಷ್ಟೇ. ಬಾಲ್ಕನಿಯಲ್ಲಿ ಬೆಳಗಿನ ಓರೆ ಬಿಸಿಲು, ನೆರಳಿನ ಕಡೆ ಒಂದು ಬಿಳಿ ಹಾಳೆ. ನೆಲಕ್ಕೆ ಜರಡಿ ಹಿಡಿದ ಮಣ್ಣು. ಗೊಂಬೆ ಬೀಳದ ಹಾಗೆ ಕಾಲಿನ ಹಿಂದೆ ಚೂರು ಮೇಣ. ಫೋನನ್ನು ತಲೆಕೆಳಗೆ ಹಿಡೀತೀನಿ. ಲೆನ್ಸ್ ನೆಲಕ್ಕೆ ತಾಗುವಷ್ಟು ಕೆಳಗೆ ಬಂದು ಗೊಂಬೆಯ ಕಣ್ಣಿನ ಮಟ್ಟ ಸಿಗುತ್ತೆ. ಮೇಲಿನಿಂದ ತೆಗೆದರೆ ಅದು ಆಟಿಕೆ, ಕಣ್ಣಿನ ಮಟ್ಟದಿಂದ ತೆಗೆದರೆ ಪ್ರಯಾಣಿಕ. ಹಿಂದೆ ಊದಿನಕಡ್ಡಿ ಹಚ್ಚಿದರೆ ಮಂಜು. ಬೆನ್ನಿಗೊಂದು ಚೀಲ, ಕೈಗೊಂದು ಪುಟಾಣಿ ಕ್ಯಾಮೆರಾ ಕೊಟ್ಟರೆ ಕಥೆ ಶುರು.

ಕಲ್ಲು ಎಲ್ಲಿಂದ ಅಂತ ಕೇಳಿ. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಡೀತಿರೋ ಬಂಡೆಯಿಂದ. ಹೈದರಾಬಾದಿನ ಈ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಹಂಪಿ, ರಾಮನಗರ ನೋಡಿ ಬೆಳೆದ ನಮಗೆ ಈ ಊರು ಬೇಗ ಹೊಂದಿಕೊಂಡದ್ದಕ್ಕೆ ಈ ಬಂಡೆಗಳೂ ಒಂದು ಕಾರಣ ಅಂತ ನನಗನಿಸುತ್ತೆ. ಇವನ್ನು ಉಳಿಸೋದಕ್ಕೇ ಅಂತ 1996ರಲ್ಲಿ ಇಲ್ಲಿ ಸೊಸೈಟಿ ಟು ಸೇವ್ ರಾಕ್ಸ್ ಹುಟ್ಟಿತು. ಆದರೂ ಬಂಡೆ ಹೋಗ್ತಾನೇ ಇದೆ, ಅದು ಹೋದ ಜಾಗದಲ್ಲಿ ನಾವು ಕೆಲಸ ಮಾಡೋ ಗಾಜಿನ ಕಟ್ಟಡಗಳು ಏಳ್ತಾನೇ ಇವೆ.

ಫೋಟೋ ಇದನ್ನು ನಿಲ್ಲಿಸಲ್ಲ. ಆದರೆ ಸಾಕ್ಷಿ ಉಳಿಸುತ್ತೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಚಿತ್ರಗಳನ್ನು ತೆಗೆದ. ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಅವನ ಚಿತ್ರದಲ್ಲಿ ಇಟ್ಟಿಗೆಯ ಗೋಪುರ ಇದೆ. ಇವತ್ತು ಹೋಗಿ ನೋಡಿದರೆ ಇಲ್ಲ. 1983ರಲ್ಲಿ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದದ್ದರಿಂದ, ಎರಡನ್ನೂ ಅಕ್ಕಪಕ್ಕ ಇಟ್ಟು ಹೋದದ್ದೇನು, ಉಳಿದದ್ದೇನು ಅಂತ ಹೇಳಬಹುದು.

ಹಾಗಾಗಿ ನಾನು ಪ್ರತಿ ಚಿತ್ರದ ಕೆಳಗೆ ಮೂರು ವಿಷಯ ಬರೆದಿಡ್ತೀನಿ: ಕಲ್ಲು ಸಿಕ್ಕ ಜಾಗ, ತಾರೀಖು, ಗೊಂಬೆಯ ಎತ್ತರ. ನೀವೂ ಬರೆದಿಡಿ. ನಿಮ್ಮ ಮನೆ ಹತ್ತಿರ ನಿಜವಾದ ಬಂಡೆ ಇನ್ನೂ ನಿಂತಿದ್ದರೆ, ಈ ಭಾನುವಾರವೇ ಮಕ್ಕಳನ್ನು ಕರ್ಕೊಂಡು ಹೋಗಿ, ಅದರ ಪಕ್ಕ ನಿಲ್ಲಿಸಿ ಒಂದು ಫೋಟೋ ತೆಗೀರಿ. ಫಿರಂಗಿ ಕಥೆ ಹೇಳಿ ಹೆದರಿಸಬೇಡಿ. ಮತ್ತೆ, ಬಂಡೆ ಎಲ್ಲಿತ್ತು ಅನ್ನೋದರ ಜೊತೆ ಪಕ್ಕ ನಿಂತವರ ಹೆಸರನ್ನೂ ಬರೀರಿ.