ಎರಡನೆಯ ಸಹಿ

ಮನಶ್ಶಾಸ್ತ್ರ ಓದಲು ಬೆಂಗಳೂರಿಗೆ ಹೋಗುತ್ತೇನೆಂದಾಗ ಮಾಲೂರಿನ ನಮ್ಮ ಮನೆಯಲ್ಲಿ ಅಜ್ಜಿ ಕೇಳಿದ್ದು ಒಂದೇ ಮಾತು: "ಹುಚ್ಚರ ಡಾಕ್ಟರಾಗ್ತೀಯೇನೇ?" ಅಲ್ಲಜ್ಜಿ, ಔಷಧಿ ಕೊಡುವವರು ಮನೋವೈದ್ಯರು, ನಮ್ಮದು ಜನರನ್ನು ಮಾತಾಡಿಸಿ, ಪರೀಕ್ಷೆ ಮಾಡಿ, ಮಾತಿನಿಂದಲೇ ದಾರಿ ಹುಡುಕುವ ಕೆಲಸ ಎಂದೆ. "ಮಾತಾಡ್ಸೋಕೂ ಓದ್ಬೇಕಾ?" ಎಂದು ಅಜ್ಜಿ ನಕ್ಕರು. ಆ ನಗುವಿಗೆ ನನಗೆ ಉತ್ತರ ಸಿಕ್ಕಿದ್ದು ತರಗತಿಯಲ್ಲಲ್ಲ, ಶ್ರೀನಿವಾಸಪುರದ ಒಂದು ಶಾಲೆಯ ಜಗಲಿಯ ಮೇಲೆ.

ಮಾತಾಡಿಸುವುದನ್ನೂ ಒಂದು ವಿದ್ಯೆಯಾಗಿ ಕಲಿಸುವ ಪರಿಪಾಠ ನಮ್ಮ ನಾಡಿಗೆ ತೀರ ಹೊಸದಲ್ಲ. 1924ರಷ್ಟು ಹಿಂದೆಯೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪಾಠ ಶುರುಮಾಡಿದ್ದರು. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿ, 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದ ಮೇಷ್ಟ್ರು ಇವರೇ. ಅತ್ತ ಬೆಂಗಳೂರಿನಲ್ಲಿ 'ಲುನಾಟಿಕ್ ಅಸೈಲಂ' ಎಂದು ಕರೆಸಿಕೊಳ್ಳುತ್ತಿದ್ದ ಜಾಗಕ್ಕೆ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಎಂಬ ಹೆಸರು ಬಂತು. ಹೆಸರು ಬದಲಾದರೆ ಏನು ಬದಲಾದೀತು ಎನ್ನಬೇಡಿ. ಅಸೈಲಂ ಎಂದರೆ ಕೂಡಿಹಾಕುವ ಮನೆ, ಆಸ್ಪತ್ರೆ ಎಂದರೆ ವಾಸಿಯಾಗಿ ಹೊರಗೆ ಬರಬಹುದಾದ ಮನೆ.

1954ರಲ್ಲಿ ಆ ಆಸ್ಪತ್ರೆಯ ಜೊತೆಯಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಅಲ್ಲಿ ವೈದ್ಯರಿಗೊಂದು, ಮನಶ್ಶಾಸ್ತ್ರಜ್ಞರಿಗೊಂದು ಡಿಪ್ಲೊಮಾ ಆರಂಭವಾದವು. ಸಂಸ್ಕೃತ, ಬೌದ್ಧ ಧರ್ಮ, ಮೂರ್ತಿಶಿಲ್ಪಗಳ ಬಗ್ಗೆ ಬರೆದ ವಿದ್ವಾಂಸರೆಂದು ನಾವೆಲ್ಲ ಬಲ್ಲ ಎಸ್.ಕೆ. ರಾಮಚಂದ್ರರಾಯರು ಅಲ್ಲಿ ಈ ವಿಭಾಗದ ಮುಖ್ಯಸ್ಥರಾಗಿದ್ದರು. 1974ರ ಡಿಸೆಂಬರಿನಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು.

ಆದರೆ ಆಸ್ಪತ್ರೆಯೊಳಗೇ ಕಲಿತವರಿಗೆ ಒಂದು ಕೊರತೆ ಉಳಿಯುತ್ತಿತ್ತು. ಅಲ್ಲಿಗೆ ಬರುತ್ತಿದ್ದವರು ಮನೆಯವರ ಕೈಮೀರಿದ ಮೇಲೆ ಬಂದವರು. ನಿದ್ದೆಯಿಲ್ಲದೆ ನಡುರಾತ್ರಿ ಎದ್ದು ಕೂರುವ, ಬೆಳಿಗ್ಗೆ ಎಂದಿನಂತೆ ಹಸು ಕರೆದು ಡೇರಿಗೆ ಹಾಲು ಹಾಕಿ ಬರುವ ಹೆಣ್ಣುಮಗಳು ಅಷ್ಟು ದೂರ ಏಕೆ ಬಂದಾಳು? ಮುಳಬಾಗಿಲಿನಿಂದ ಬೆಂಗಳೂರೆಂದರೆ ನೂರು ಕಿಲೋಮೀಟರಿನ ದಾರಿ, ಒಂದು ದಿನದ ಕೂಲಿ, ಮೇಲೆ "ಅಲ್ಲಿಗೆ ಹೋಗಿ ಬಂದವಳು" ಎಂಬ ಮಾತು. ಹಾಗಾಗಿ ಕಲಿಯುವವರೇ ಹೊರಗೆ ಹೋಗಬೇಕಾಯಿತು. 1976ರಲ್ಲಿ ನಿಮ್ಹಾನ್ಸ್ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಹಳ್ಳಿಗರಿಗಾಗಿ ಕೇಂದ್ರ ತೆರೆಯಿತು. ಆಗ ನಮ್ಮ ಕೋಲಾರ ಜಿಲ್ಲೆಯಲ್ಲೇ ಇದ್ದ ಗೌರಿಬಿದನೂರಿಗೂ ಅಲ್ಲಿನ ತಂಡ ಬಂದು ರೋಗಿಗಳನ್ನು ನೋಡತೊಡಗಿತು. 1985ರಲ್ಲಿ ಇಪ್ಪತ್ತು ಲಕ್ಷದಷ್ಟು ಜನರಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಊರಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿದರು. ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿಯೇ.

ನಾನು ಓದುತ್ತಿದ್ದುದು ಬೇರೊಂದು ಕಡೆ. ಹೊರಗಿನ ಶಿಬಿರಗಳಿಗೆ ಹೋಗಿ, ಹಿರಿಯರ ಕಣ್ಣೆದುರಿನಲ್ಲೇ ಕೆಲಸ ಮಾಡಬೇಕೆಂಬ ನಿಯಮ ನಮಗೂ ಇತ್ತು. ನಾವು ಬರೆದ ಪ್ರತಿ ಫೈಲಿನ ಕೊನೆಗೆ ಎರಡು ಸಹಿ: ಮೊದಲನೆಯದು ನಮ್ಮದು, ಎರಡನೆಯದು ಮೇಡಮ್ಮರದು. ಆ ಎರಡನೆಯ ಸಹಿ ನನ್ನ ಮೇಲಿನ ಅಪನಂಬಿಕೆಯೆಂದೇ ನಾನು ಅಂದುಕೊಂಡಿದ್ದೆ.

1993ರ ಬೇಸಿಗೆ. ಕೋಲಾರದಲ್ಲಿ ಬಸ್ಸು ಬದಲಿಸಿ ಶ್ರೀನಿವಾಸಪುರಕ್ಕೆ ಹೋದೆವು. ದಾರಿಯುದ್ದಕ್ಕೂ ತೋಪುಗಳಲ್ಲಿ ಮಾವು ಜೋತು ಬಿದ್ದಿತ್ತು. ಮುಳಬಾಗಿಲು ತಾಲೂಕಿನ, ಆಂಧ್ರದ ಗಡಿಗೆ ತಾಗಿದ ಹಳ್ಳಿಯಿಂದ ಒಬ್ಬ ಹೆಂಗಸು ಬಂದಿದ್ದಳು. ತಲೆನೋವು, ಎದೆ ಡವಡವ ಎಂದಳು. ನಾನು ಪ್ರಶ್ನೆಗಳ ಹಾಳೆ ತೆರೆದು, "ನಿಮಗೆ ಖಿನ್ನತೆಯ ಭಾವನೆ ಇದೆಯೇ?" ಎಂದೆ. "ಇಲ್ಲಮ್ಮ." "ಜೀವನದಲ್ಲಿ ನಿರಾಸಕ್ತಿ?" "ಇಲ್ಲಮ್ಮ." ಎಲ್ಲಕ್ಕೂ ಇಲ್ಲ. ತೊಂದರೆಯೇನೂ ಕಾಣುತ್ತಿಲ್ಲವೆಂದು ಬರೆದು, ಸಹಿ ಹಾಕಿ, ಫೈಲನ್ನು ಮೇಡಮ್ಮರ ಮುಂದಿಟ್ಟೆ.

ಅವರು ಧಾರವಾಡದ ಕಡೆಯವರು. ಸಹಿ ಹಾಕದೆ ಪೆನ್ನು ಮುಚ್ಚಿದರು. "ಆಕಿ ಸೆರಗಿನ ತುದಿ ನೋಡೀಯೇನು? ಹಿಂಡಿ ಹಿಂಡಿ ಹಗ್ಗ ಆಗೇದ. ಮನ್ಯಾಗ ಯಾವ ಭಾಷಾ ಆಡ್ತಾಳ?"

"ತೆಲುಗು, ಮೇಡಮ್."

"ನಿನಗ ಬರ್ತದಲ್ಲ? ನೀನ ಮತ್ತೊಮ್ಮೆ ಕೇಳು. ನಾ ಬಾಜೂಕ ಕೂತಿರ್ತೀನಿ."

ನನಗೆ ನಾಚಿಕೆಯಾಯಿತು. ಬೀದಿಯಲ್ಲಿ ತೆಲುಗು ಆಡುತ್ತಲೇ ಬೆಳೆದ ಹುಡುಗಿ ನಾನು. ಕೈಗೆ ಫೈಲು ಬಂದೊಡನೆ ಪುಸ್ತಕದ ಕನ್ನಡವೇ ಓದಿದವರ ಲಕ್ಷಣವೆಂದುಕೊಂಡಿದ್ದೆ. ಖಿನ್ನತೆ ಎಂಬ ಪದವನ್ನು ನಮ್ಮಜ್ಜಿಯೂ ಒಂದು ದಿನ ಆಡಿದವರಲ್ಲ. ಹಾಳೆ ಮಡಿಸಿಟ್ಟು, ಅಜ್ಜಿ ಅಕ್ಕಪಕ್ಕದವರನ್ನು ಕೇಳುತ್ತಿದ್ದ ಹಾಗೆ ತೆಲುಗಿನಲ್ಲಿ ಕೇಳಿದೆ: ಹೊಟ್ಟೆಯಲ್ಲಿ ಏನಿಟ್ಟುಕೊಂಡಿದ್ದೀಯಕ್ಕ?

ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮಾತು ಬಂತು. ಎದೆಹಾಲು ಕುಡಿಯುತ್ತಿದ್ದ ಕೂಸು ಹೋಗಿ ಐದು ತಿಂಗಳು. ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ರಾತ್ರಿ ಎರಡು ಸಲ ತೋಟದ ಬಾವಿಯ ತನಕ ಹೋಗಿ ಹಿಂದಿರುಗಿದ್ದಾಳೆ. ನನ್ನ ಕೈ ನಡುಗಿತು. ಮುಂದಿನದನ್ನು ಮೇಡಮ್ಮರೇ ವಹಿಸಿಕೊಂಡರು. ಜೊತೆಗೆ ಬಂದಿದ್ದ ಅತ್ತೆಯನ್ನು ಕರೆಸಿ ಒಂಟಿಯಾಗಿ ಬಿಡಬೇಡಿರೆಂದರು, ತಂಡದ ಮನೋವೈದ್ಯರಿಗೆ ಆಗಲೇ ತೋರಿಸಿದರು. ಮುಂದಿನ ಶಿಬಿರಗಳಲ್ಲಿ ಆಕೆಯನ್ನು ಮಾತಾಡಿಸುವ ಕೆಲಸ ನನಗೇ ಬಂತು. ನಾಲ್ಕನೆಯ ತಿಂಗಳು ಕೂಸಿನ ಹೆಸರು ಹೇಳಿ ಮನಸಾರೆ ಅತ್ತಳು. ಅತ್ತೆಯೂ ಅತ್ತರು. ಆ ದಿನ ಸೆರಗು ಹಿಂಡಿರಲಿಲ್ಲ.

1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಿಂದ ಈ ವೃತ್ತಿಗೆ ನೋಂದಣಿ ಬಂತು. ಹಿರಿಯರ ಮೇಲ್ವಿಚಾರಣೆಯಲ್ಲಿ ಕಲಿಯುವುದು ಓದಿನ ಕಡ್ಡಾಯ ಭಾಗವಾಯಿತು. 2014ರಲ್ಲಿ ಆರಂಭವಾದ 'ಮನೋಚೈತನ್ಯ' ಯೋಜನೆ ಮಂಗಳವಾರಗಳಂದು ಮನೋವೈದ್ಯರನ್ನು ತಾಲೂಕು ಆಸ್ಪತ್ರೆಗೇ ಕರೆತರಲು ಹೊರಟಿತು. 2022ರ ಅಕ್ಟೋಬರಿನಿಂದ 14416ಕ್ಕೆ ಫೋನು ಮಾಡಿದರೆ 'ಟೆಲಿ ಮಾನಸ್' ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಣ ಕೊಡಬೇಕಿಲ್ಲ. ಈ ಸಂಖ್ಯೆಯನ್ನು ಅಡಿಗೆಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ; ನಮಗಲ್ಲದಿದ್ದರೆ ನೆರೆಮನೆಯವರಿಗಾದೀತು.

ಈಗ ಹುಡುಗಿಯರ ಫೈಲುಗಳಿಗೆ ಎರಡನೆಯ ಸಹಿ ಹಾಕುವವಳು ನಾನು. "ಮೇಡಮ್, ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದು ಆಗಾಗ ಮುಖ ಸಣ್ಣದು ಮಾಡುತ್ತಾರೆ. ನಂಬಿಕೆ ಇದೆಯಮ್ಮ ಎನ್ನುತ್ತೇನೆ. ಪೆನ್ನು ತೆರೆಯುವ ಮುನ್ನ ಮಾತ್ರ, ಎದುರಿಗೆ ಕೂತವಳ ಸೆರಗಿನ ತುದಿಯನ್ನು ಒಮ್ಮೆ ನೋಡುತ್ತೇನೆ.